ಒಂಬತ್ತು ಸೆಕೆಂಡಿನ ಓಂಕಾರಮ್ಮ

ಅರಸೀಕೆರೆ ಬಸ್ ಸ್ಟ್ಯಾಂಡಿನೆದುರು, ಮೇಲ್ಮಹಡಿ,
ನೂರುಲ್ಲಾನ ಅಂಗಡಿಯಲ್ಲಿ ಕೂತು
ಎರಡು ಜೀಬಿ ಕಾರ್ಡಿಗೆ ಮೂವತ್ತು ರೂಪಾಯಿಯಂತೆ
ಹಾಡು ತುಂಬುತ್ತಿದ್ದೆ ನಾನು.
ಭಕ್ತಿಗೊಂದು ಫೋಲ್ಡರು, ವಿರಹಕ್ಕೊಂದು,
ಹೆಸರಿಲ್ಲದ್ದು ಇನ್ನೊಂದು. ಅದು ಬೇಕಾದವರು
ಮೊದಲು ಚಾರ್ಜರಿನ ಬೆಲೆ ಕೇಳುತ್ತಿದ್ದರು.

ಸರಕೆಲ್ಲ ಬರುತ್ತಿದ್ದದ್ದು ಒಂದೇ ಸೈಟಿನಿಂದ.
ಬೆಂಕಿಪೊಟ್ಟಣದಷ್ಟು ಪರದೆ, ನೀಲಿ ಅಕ್ಷರ, ಕೆಳಗೊಂದು ಗೆರೆ.
ಒಂದು ಟೋನು ಇಳಿಯುವಷ್ಟರಲ್ಲಿ
ಮೈಸೂರು ಪ್ಯಾಸೆಂಜರು ಬಂದು, ನಿಂತು, ಹೋಗುತ್ತಿತ್ತು.
ತೊಂಬತ್ತೆಂಟು ಪರ್ಸೆಂಟಿಗೆ ಹಟ ಹಿಡಿದರೆ
ನೂರುಲ್ಲಾ ಫೋನನ್ನು ಕಿಟಕಿಯಾಚೆ ಹಿಡಿದು
ಮಗುವಿಗೆ ಉಚ್ಚೆ ಹೊಯ್ಯಿಸುವವನ ಹಾಗೆ
ಶ್... ಶ್... ಎನ್ನುತ್ತಿದ್ದ.

ಇಳಿಸಿಕೊಂಡವರು ಏನನ್ನಾದರೂ ಏರಿಸಬೇಕು,
ಮದುವೆಮನೆಯ ಮುಯ್ಯಿಯಂತೆ, ಅದು ಮರ್ಯಾದೆ.
ನನ್ನಲ್ಲೇನಿತ್ತು?
ಮೆಟ್ಟಿಲ ಬುಡದಲ್ಲಿ ಕಡಲೆಕಾಯಿ ಮಾರುವ ಓಂಕಾರಮ್ಮ ಇದ್ದಳು.

ಅವಳ ಗಂಟಲು!
ಜಲ್ಲಿ ರಸ್ತೆಯ ಮೇಲೆ ತೆಂಗಿನಗರಿ ಎಳೆದುಕೊಂಡು ಹೋದ ಹಾಗೆ.
ಸಾಲ ಕೊಟ್ಟವನ ಫೋನೆಂದು ನಾನು ಎತ್ತದೆ ಕೂತರೆ
ಕೆಳಗಿನಿಂದಲೇ ಬರುತ್ತಿತ್ತು:
'ಏಯ್, ಎತ್ತ್ಲಾ! ಯಾರೋ ಕರೀತಾವ್ರೆ,
ಕಿವಿಗೇನ್ ಹತ್ತಿ ಮಡೀಕಂಡಿದ್ದೀಯಾ?'
ಒಂದು ದಿನ ಬೇಕೆಂದೇ ಬಡಿಯಲು ಬಿಟ್ಟೆ.
ನೂರುಲ್ಲಾನ ಸೆಟ್ಟು ಕಿಟಕಿಯಲ್ಲಿ, ರೆಕಾರ್ಡು ಒತ್ತಿ.
ಅವಳು ಒಂದಕ್ಷರ ತಪ್ಪಲಿಲ್ಲ.

ಒಂಬತ್ತು ಸೆಕೆಂಡು. ಹೆಸರು: ಅರಸೀಕೆರೆ ಅಜ್ಜಿ ಕಾಮಿಡಿ.
ಬಾಣಾವರ ದಾಟಿತು, ಕಡೂರು ದಾಟಿತು,
ಹಾವೇರಿ ಕಡೆ ಯಾರೋ ಸಾಹೇಬರ ಜೇಬಿನಲ್ಲಿ
ಮೀಟಿಂಗಿನ ನಡುವೆ ಕೂಗಿತಂತೆ.
ಹನ್ನೊಂದು ಸಾವಿರ ಸಲ ಇಳಿಯಿತು
ಅಜ್ಜಿಯೆನಿಸಿಕೊಳ್ಳುವ ವಯಸ್ಸೂ ಆಗಿರದ ಅವಳ ದನಿ.

ಕೊನೆಗೆ ಹುಳಿಯಾರು ಬಸ್ಸಿನ ಕಂಡಕ್ಟರನ ಜೇಬು ಬೈಯಿತು,
ಅವಳೆದುರೇ.
ಪಾವು ಗಾಳಿಯಲ್ಲೇ ನಿಂತಿತು.
ಮೆಟ್ಟಿಲು ಹತ್ತಿ ಬಂದಳು, ಸೆರಗಿನಲ್ಲಿ ಸಿಪ್ಪೆ.
'ನನ್ನ ಗಂಟ್ಲು ಎಷ್ಟಕ್ಕೆ ಮಾರ್ದೆ?'
'ಮಾರ್ಲಿಲ್ಲ ಕಣಕ್ಕ, ಪುಕ್ಕಟೆ.'
'ಪುಕ್ಕಟೆ ಹಂಚಾಕೆ ನಿಮ್ಮಪ್ಪನ ಮನೆ ಮಜ್ಜಿಗೇನ್ಲಾ ಅದು?'
ಅವತ್ತಿನಿಂದ ಪಾವು ಕಡಲೆಕಾಯಿಗೆ
ನನಗೆ ಮಾತ್ರ ಒಂದು ರೂಪಾಯಿ ಜಾಸ್ತಿ.

ಆಮೇಲೆ ಎಲ್ಲರ ಕೈಗೂ ಮುಗಿಯದ ನೆಟ್ಟು ಬಂತು.
ಇಳಿಸಿಟ್ಟುಕೊಳ್ಳುವ ಹಂಗಿಲ್ಲ.
ನೂರುಲ್ಲಾ ಈಗ ಪರದೆಗೆ ಗಾಜು ಅಂಟಿಸುತ್ತಾನೆ.
ಆ ಸೈಟಿನ ವಿಳಾಸ ಒತ್ತಿದರೆ
ಯಾವುದೋ ರಮ್ಮಿಯಾಟ ಕಣ್ಣು ಹೊಡೆಯುತ್ತದೆ.

ಓಂಕಾರಮ್ಮನ ಗಂಟಲನ್ನು ಹಾಸನದ ದೊಡ್ಡಾಸ್ಪತ್ರೆಯಲ್ಲಿ ಕೊಯ್ದರು.
ಹೊಗೆಸೊಪ್ಪು, ಅಂದರು. ಜೀವ ಉಳಿಯಿತು.
ಎರಡು ತಿಂಗಳಿಗೆ ಬಂದು ಅದೇ ಮೆಟ್ಟಿಲ ಬುಡದಲ್ಲಿ ಕೂತಳು.
ಬಸ್ಸು ಬಂದವು, ಜನ ಇಳಿದರು.
ಮೊರ ತಟ್ಟಿದಳು, ಚಪ್ಪಾಳೆ ತಟ್ಟಿದಳು,
ಒಬ್ಬರೂ ತಿರುಗಲಿಲ್ಲ.

ಹಾರ್ಲಿಕ್ಸ್ ಬಾಟಲಿಯ ಹಳೇ ಕಾರ್ಡುಗಳನ್ನೆಲ್ಲ
ಒಂದೊಂದಾಗಿ ಚುಚ್ಚಿ ನೋಡಿದೆ. ಸತ್ತಿದ್ದವು.
ನನ್ನ ಬಳಿಯೂ ಇರಲಿಲ್ಲ. ಏರಿಸಿದವನು ಉಳಿಸಿಕೊಳ್ಳುವುದುಂಟೇ?
ಸಿಕ್ಕಿದ್ದು ಕೊಬ್ಬರಿ ಲಾರಿಯ ಚನ್ನಬಸಪ್ಪನಲ್ಲಿ,
ಅಂಕಿ ಸವೆದ ಗುಂಡಿಗಳ ಸೆಟ್ಟಿನಲ್ಲಿ.
ಇಷ್ಟು ವರ್ಷ ಯಾಕೆ ಬದಲಿಸಲಿಲ್ಲವೆಂದರೆ
'ರಾತ್ರಿ ಗಾಡೀಲಿ ಯಾರಾದ್ರೂ ಬೈತಿರ್‍ಬೇಕು' ಅಂದ.
ಎರಡು ಫೋನುಗಳನ್ನು ತಲೆಗೆ ತಲೆ ತಾಗಿಸಿಟ್ಟೆವು,
ಹೇನು ನೋಡುವವರಂತೆ. ದಾಟಿತು.

ಈಗ ತಕ್ಕಡಿಗೆ ದಾರ ಕಟ್ಟಿ ಅದನ್ನು ನೇತುಹಾಕಿದ್ದಾಳೆ.
ಬಸ್ಸು ಬಂದರೆ ಒತ್ತುತ್ತಾಳೆ.
ಚೌಕಾಸಿಗೆ ನಿಂತರೆ ಒತ್ತುತ್ತಾಳೆ.
ಹಸು ಮೊರಕ್ಕೆ ಬಾಯಿ ಹಾಕಿದರೆ, ಒತ್ತುತ್ತಾಳೆ;
ಅದೂ ಹೋಗುತ್ತದೆ.
ಕಾಸಿಲ್ಲದ ಸ್ಕೂಲು ಹುಡುಗಿಯ ಲಂಗಕ್ಕೆ ಹಿಡಿ ಕಾಯಿ ಸುರಿದು
ವಾಲ್ಯೂಮು ಇಳಿಸಿ, ಮೆಲ್ಲಗೆ:
'ಎತ್ತ್ಲಾ, ಯಾರೋ ಕರೀತಾವ್ರೆ.'
ಇರುವುದೊಂದೇ ಮಾತು. ಅದರಲ್ಲೇ ಸಂಸಾರ.

ಕೇಳಿದ ಕೂಡಲೇ ಸ್ಟ್ಯಾಂಡಿನಲ್ಲಿ ಮೂವರೋ ನಾಲ್ವರೋ,
ತಲೆ ನರೆತವರು,
ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಆ ಒಂದು ರೂಪಾಯಿ ಇನ್ನೂ ಇಳಿದಿಲ್ಲ.
ಯಾಕಕ್ಕ, ಎಂದರೆ
ಒತ್ತುತ್ತಾಳೆ.